ಎರಡು ಕೈ, ಎರಡು ಸ್ಟಿಕ್: ಡ್ರಮ್ ಕಲಿಯುವವರಿಗೆ ರುಡಿಮೆಂಟ್ ಏಕೆ ಬೇಕು

ಡ್ರಮ್ ಕಲಿಯಲು ಹೊರಟವರ ಮೊದಲ ದಿನ ಬಹುಮಟ್ಟಿಗೆ ಒಂದೇ ತೆರನಾಗಿರುತ್ತದೆ. ಕಣ್ಣೆದುರಿಗೆ ಹೊಳೆಯುವ ಡ್ರಮ್ ಸೆಟ್ ಇರುತ್ತದೆ, ಮನಸ್ಸಿನೊಳಗೆ ಮೆಚ್ಚಿನ ಹಾಡೊಂದರ ತಾಳ ಓಡುತ್ತಿರುತ್ತದೆ. ಆದರೆ ಕಲಿಸುವವರು ಕೈಗೆ ಎರಡು ಸ್ಟಿಕ್ ಕೊಟ್ಟು, ಎದುರಿಗೆ ಗೇಣಗಲದ ರಬ್ಬರ್ ಪ್ಯಾಡೊಂದನ್ನು ಇರಿಸಿ, ಹಾಳೆಯ ಮೇಲೆ ‘ಬಲ, ಎಡ, ಬಲ, ಬಲ’ ಎಂದು ಬರೆದು, ಇದನ್ನೇ ನಿಧಾನವಾಗಿ ನುಡಿಸುತ್ತಿರಿ ಎನ್ನುತ್ತಾರೆ. ವಾರ ಕಳೆದರೂ ಹಾಳೆ ಬದಲಾಗದಿದ್ದಾಗ, ಇದಕ್ಕೂ ಸಂಗೀತಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಕಲಿಯುವವರಲ್ಲೂ, ಮಗುವನ್ನು ತರಗತಿಗೆ ಸೇರಿಸಿದ ಹೆತ್ತವರಲ್ಲೂ ಹುಟ್ಟುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ‘ಮುಂದೆ ತಾನಾಗಿ ಗೊತ್ತಾಗುತ್ತದೆ’ ಎಂಬ ಉತ್ತರ ಅದಕ್ಕೆ ಸಾಲದು, ಏಕೆಂದರೆ ಆ ಹಾಳೆಯಲ್ಲಿರುವ ಪ್ರತಿಯೊಂದು ಜೋಡಣೆಗೂ ಸ್ಪಷ್ಟವಾದ ಕಾರಣವಿದೆ ಮತ್ತು ಆ ಕಾರಣವನ್ನು ಮೊದಲ ದಿನವೇ ತಿಳಿದುಕೊಂಡವರು ಅಭ್ಯಾಸವನ್ನು ಬೇಸರವಿಲ್ಲದೆ ಮಾಡುತ್ತಾರೆ.

ಕಾಗುಣಿತದಂತಹ ಪಾಠ

ರುಡಿಮೆಂಟ್ ಎಂಬ ಪದಕ್ಕೆ ಮೂಲಪಾಠ ಎಂದು ಅರ್ಥ. ಡ್ರಮ್ ವಾದನದಲ್ಲಿ, ಯಾವ ಕೈ ಯಾವಾಗ ಬೀಳಬೇಕು, ಯಾವ ಪೆಟ್ಟು ಗಟ್ಟಿಯಾಗಿರಬೇಕು, ಯಾವುದು ಮೆಲುವಾಗಿರಬೇಕು ಎಂಬುದನ್ನು ನಿಶ್ಚಿತವಾಗಿ ಹೇಳುವ ಚಿಕ್ಕ ವಿನ್ಯಾಸಕ್ಕೆ ಈ ಹೆಸರಿದೆ. ಕೈಗಳು ಬೀಳುವ ಸರದಿಯನ್ನು ಸ್ಟಿಕಿಂಗ್ ಎಂದು ಕರೆಯುತ್ತಾರೆ. ಈ ಲೇಖನದಲ್ಲಿ ಬಲಗೈ ಪೆಟ್ಟನ್ನು ‘ಬ’ ಎಂದೂ ಎಡಗೈ ಪೆಟ್ಟನ್ನು ‘ಎ’ ಎಂದೂ ಬರೆಯಲಾಗಿದೆ. ಎಡಚರು ಎರಡನ್ನೂ ಅದಲುಬದಲು ಮಾಡಿಕೊಂಡು ಓದಬಹುದು.

ಎಂಟು ಪೆಟ್ಟುಗಳನ್ನು ಒಂದೇ ಡ್ರಮ್ ಮೇಲೆ ಮೂರು ಬಗೆಯಲ್ಲಿ ನುಡಿಸಿ ನೋಡೋಣ:

ಬ ಎ ಬ ಎ ಬ ಎ ಬ ಎ
ಬ ಬ ಎ ಎ ಬ ಬ ಎ ಎ
ಬ ಎ ಬ ಬ ಎ ಬ ಎ ಎ

ನುಡಿಸುವವರ ಕೈ ಪಳಗಿದ್ದರೆ, ಕಣ್ಣು ಮುಚ್ಚಿಕೊಂಡು ಕೇಳುವವರಿಗೆ ಈ ಮೂರರಲ್ಲೂ ಹೆಚ್ಚಿನ ವ್ಯತ್ಯಾಸ ಕೇಳಿಸುವುದಿಲ್ಲ. ಸಮಾನ ಅಂತರದ ಎಂಟು ಪೆಟ್ಟುಗಳು ಕೇಳಿಸುತ್ತವೆ, ಅಷ್ಟೇ. ಹಾಗಿದ್ದರೆ ಮೂರು ಬಗೆ ಏಕೆ? ಕೇಳುವವರಿಗೆ ಒಂದೇ ಆದರೂ ನುಡಿಸುವವರಿಗೆ ಅವು ಒಂದೇ ಅಲ್ಲ. ಒಂದರಲ್ಲಿ ಮಣಿಕಟ್ಟಿಗೆ ಹೆಚ್ಚು ಕೆಲಸ, ಇನ್ನೊಂದರಲ್ಲಿ ಕಡಿಮೆ. ಒಂದರಲ್ಲಿ ಪ್ರತಿ ಸುತ್ತೂ ಬಲಗೈಯಿಂದಲೇ ಆರಂಭವಾಗುತ್ತದೆ, ಇನ್ನೊಂದರಲ್ಲಿ ಆರಂಭದ ಕೈ ಬದಲಾಗುತ್ತದೆ. ಅಕ್ಕಪಕ್ಕದಲ್ಲಿ ನಾಲ್ಕಾರು ಡ್ರಮ್‌ಗಳೂ ಸಿಂಬಲ್ ಎಂಬ ಲೋಹದ ತಟ್ಟೆಗಳೂ ಇರುವ ಸೆಟ್‌ನಲ್ಲಿ, ಬೇಕಾದ ಕೈ ಬೇಕಾದ ಕ್ಷಣಕ್ಕೆ ಬಿಡುವಾಗಿರುವುದೇ ಮುಖ್ಯ. ರುಡಿಮೆಂಟ್‌ಗಳನ್ನು ವೇಗದ ಕಸರತ್ತು ಎಂದು ಅನೇಕರು ತಿಳಿಯುತ್ತಾರೆ. ನಿಜವಾಗಿ ಅವು ಎರಡೇ ಕೈಗಳಿಂದ ಬೇಕಾದ ನಾದವನ್ನು ಹೊರಡಿಸುವುದು ಹೇಗೆ ಎಂಬ ಪ್ರಶ್ನೆಗೆ ತಲೆಮಾರುಗಳ ವಾದಕರು ಕಂಡುಕೊಂಡ ಉತ್ತರಗಳು. ಕಾಗುಣಿತ ಬಲ್ಲವರು ಬರೆಯುವಾಗ ಒಂದೊಂದು ಅಕ್ಷರದ ಬಗ್ಗೆ ಯೋಚಿಸುವುದಿಲ್ಲ. ಹಾಗೆಯೇ ಇವು ರೂಢಿಯಾದವರು ನುಡಿಸುವಾಗ ಕೈಗಳ ಸರದಿಯ ಬಗ್ಗೆ ಯೋಚಿಸುವುದಿಲ್ಲ.

ನಲವತ್ತರ ಪಟ್ಟಿ

ಈ ಪಾಠಗಳ ಬೇರು ಯುರೋಪಿನ ಸೈನ್ಯಗಳಲ್ಲಿದೆ. ಸಾವಿರಾರು ಜನರ ಗದ್ದಲದ ನಡುವೆ ಕೂಗು ಕೇಳಿಸದ ಕಾಲದಲ್ಲಿ ನಡೆ, ನಿಲ್ಲು, ಹಿಂದೆ ಸರಿ ಎಂಬ ಆಜ್ಞೆಗಳನ್ನು ಡ್ರಮ್ ಮೂಲಕವೇ ತಿಳಿಸಬೇಕಾಗಿತ್ತು. ಸಂಕೇತ ತಪ್ಪಾಗಬಾರದೆಂದರೆ ಎಲ್ಲ ವಾದಕರೂ ಒಂದೇ ರೀತಿಯಲ್ಲಿ ನುಡಿಸಬೇಕಾಗಿತ್ತು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಆ ಪರಂಪರೆ ಇಂದಿಗೂ ಜೀವಂತವಾಗಿದೆ. ಅಮೆರಿಕದಲ್ಲಿ 1933ರಲ್ಲಿ ಹುಟ್ಟಿಕೊಂಡ ನ್ಯಾಷನಲ್ ಅಸೋಸಿಯೇಷನ್ ಆಫ್ ರುಡಿಮೆಂಟಲ್ ಡ್ರಮರ್ಸ್ ಎಂಬ ಸಂಘವು, ಕಡ್ಡಾಯವಾಗಿ ಬರಲೇಬೇಕಾದ 13 ರುಡಿಮೆಂಟ್‌ಗಳನ್ನು ಗುರುತಿಸಿತು. ಅವುಗಳಿಗೆ ಮತ್ತೆ 13 ಸೇರಿ ಪಟ್ಟಿ 26ಕ್ಕೆ ಬೆಳೆಯಿತು. ತಾಳವಾದ್ಯಗಳ ಸಂಸ್ಥೆಯಾದ ಪರ್ಕಸಿವ್ ಆರ್ಟ್ಸ್ ಸೊಸೈಟಿ 1984ರಲ್ಲಿ ಅದನ್ನು ಪರಿಷ್ಕರಿಸಿ 40ರ ಪಟ್ಟಿಯನ್ನು ಅಂಗೀಕರಿಸಿತು. ಈಗ ‘ನಲವತ್ತು ರುಡಿಮೆಂಟ್’ ಎಂದು ಎಲ್ಲೆಡೆ ಕೇಳಿಬರುವುದು ಇದೇ ಪಟ್ಟಿ.

ಸಂಖ್ಯೆ ನೋಡಿ ಗಾಬರಿಯಾಗಬೇಕಾಗಿಲ್ಲ. ಆ ನಲವತ್ತೂ ನಾಲ್ಕು ಮನೆತನಗಳಿಗೆ ಸೇರಿವೆ: 15 ರೋಲ್‌ಗಳು, 4 ಪ್ಯಾರಾಡಿಡಲ್‌ಗಳು, 11 ಫ್ಲ್ಯಾಮ್‌ಗಳು, 10 ಡ್ರ್ಯಾಗ್‌ಗಳು. ಮನೆತನಕ್ಕೊಂದು ಹಿರಿಯರನ್ನು ಪರಿಚಯ ಮಾಡಿಕೊಂಡರೆ ಉಳಿದವರ ಮುಖಚಹರೆ ತಾನಾಗಿ ಹೊಳೆಯುತ್ತದೆ. ಸಿಂಗಲ್ ಸ್ಟ್ರೋಕ್, ಡಬಲ್ ಸ್ಟ್ರೋಕ್, ಪ್ಯಾರಾಡಿಡಲ್, ಫ್ಲ್ಯಾಮ್, ಡ್ರ್ಯಾಗ್ – ಈ ಐದರಲ್ಲಿ ಮೊದಲ ವರ್ಷ ಕಳೆದರೆ ಅದು ಹಿಂದುಳಿದಂತೆ ಅಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಿಡಿತ ಮತ್ತು ಪುಟಿತ

ಮೊದಲ ಪೆಟ್ಟು ಹಾಕುವ ಮುನ್ನ ಸ್ಟಿಕ್ ಹಿಡಿಯುವ ಬಗೆಯನ್ನು ಸರಿಪಡಿಸಿಕೊಳ್ಳಬೇಕು, ಏಕೆಂದರೆ ಮುಂದೆ ಬರುವ ತೊಂದರೆಗಳಲ್ಲಿ ಹೆಚ್ಚಿನವು ಹಿಡಿತದಿಂದಲೇ ಹುಟ್ಟುತ್ತವೆ. ಸ್ಟಿಕ್ ಸಾಮಾನ್ಯವಾಗಿ 16 ಅಂಗುಲದಷ್ಟು ಉದ್ದವಿರುತ್ತದೆ. ಅದರ ಹಿಂಬದಿಯಿಂದ ಸುಮಾರು ಮೂರನೆಯ ಒಂದು ಭಾಗದ ದೂರದಲ್ಲಿ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದಾಗ ಆ ಬಿಂದು ತಕ್ಕಡಿಯ ಮುಳ್ಳಿನಂತೆ ಕೆಲಸ ಮಾಡುತ್ತದೆ: ಸ್ಟಿಕ್ ಅಲ್ಲಿ ಆತುಕೊಂಡು ಮೇಲಕ್ಕೂ ಕೆಳಕ್ಕೂ ತೂಗುತ್ತದೆ. ಉಳಿದ ಮೂರು ಬೆರಳುಗಳು ಸ್ಟಿಕ್ಕನ್ನು ಸುತ್ತುವರಿದಿರಬೇಕು, ಹಿಸುಕಬಾರದು. ಎರಡೂ ಕೈಯಲ್ಲಿ ಒಂದೇ ರೀತಿ ಹಿಡಿಯುವುದಕ್ಕೆ ಮ್ಯಾಚ್ಡ್ ಗ್ರಿಪ್ ಎಂದು ಹೆಸರು. ಆರಂಭಿಸುವವರಿಗೆ ಇದೇ ಸುಲಭ. ಎಡ ಅಂಗೈಯನ್ನು ಒಳಮುಖವಾಗಿ ತಿರುಗಿಸಿ ಹಿಡಿಯುವ ಟ್ರೆಡಿಷನಲ್ ಗ್ರಿಪ್ ಎಂಬುದೂ ಉಂಟು. ಸೈನಿಕರು ಡ್ರಮ್ಮನ್ನು ಹೆಗಲಿನಿಂದ ಒಂದು ಪಕ್ಕಕ್ಕೆ ವಾಲಿಸಿ ತೂಗುಹಾಕಿಕೊಂಡು ನಡೆಯುತ್ತಿದ್ದಾಗ, ವಾಲಿದ ಡ್ರಮ್ಮಿಗೆ ಎಡಗೈ ಹೊಂದಿಕೊಳ್ಳಲೆಂದು ಬಂದ ಹಿಡಿತ ಅದು.

ಇನ್ನು ಪುಟಿತ. ಬಿಗಿದ ಡ್ರಮ್ ಹೊದಿಕೆಯ ಮೇಲೆ ಬಿದ್ದ ಸ್ಟಿಕ್ ಬಿದ್ದ ಬಲದಲ್ಲಿ ದೊಡ್ಡ ಪಾಲನ್ನು ಹಿಂದಕ್ಕೆ ಪಡೆದು ತಾನಾಗಿಯೇ ಮೇಲೇಳುತ್ತದೆ. ಇದನ್ನು ರಿಬೌಂಡ್ ಎನ್ನುತ್ತಾರೆ. ಚೆಂಡನ್ನು ನೆಲಕ್ಕೆ ಬಡಿದು ಆಡಿಸುವವರು ಅದನ್ನು ಪ್ರತಿ ಸಲ ಬಗ್ಗಿ ಎತ್ತುವುದಿಲ್ಲ. ಮೇಲೆ ಬಂದ ಚೆಂಡಿಗೆ ಅಂಗೈಯನ್ನು ಒಡ್ಡಿ ಮತ್ತೆ ಕೆಳಕ್ಕೆ ಕಳುಹಿಸುತ್ತಾರೆ. ಸ್ಟಿಕ್ಕನ್ನೂ ಹಾಗೆಯೇ ನಡೆಸಿಕೊಳ್ಳಬೇಕು. ಮುಷ್ಟಿ ಬಿಗಿದು ಸುತ್ತಿಗೆಯಂತೆ ಹಿಡಿದರೆ ಪುಟಿತ ಕೈಯೊಳಗೇ ಸತ್ತುಹೋಗುತ್ತದೆ. ಆಗ ಪ್ರತಿ ಪೆಟ್ಟಿಗೂ ಕೆಳಗೆ ಬಡಿಯುವ ಕೆಲಸದ ಜೊತೆಗೆ ಮೇಲಕ್ಕೆತ್ತುವ ಕೆಲಸವೂ ಮಣಿಕಟ್ಟಿನ ಪಾಲಿಗೆ ಬರುತ್ತದೆ, ಮುಂಗೈ ಐದು ನಿಮಿಷದಲ್ಲಿ ಕಲ್ಲಿನಂತಾಗುತ್ತದೆ. ಆಯಾಸವಾಗುವುದು ಸಹಜ, ಆದರೆ ನೋವು ಸಹಜವಲ್ಲ. ಮಣಿಕಟ್ಟಿನಲ್ಲೋ ಮೊಣಕೈಯಲ್ಲೋ ನೋವು ಕಾಣಿಸಿಕೊಂಡರೆ ಅಂದಿನ ಅಭ್ಯಾಸ ನಿಲ್ಲಿಸಿ, ಹಿಡಿತವನ್ನು ತಿದ್ದಿಕೊಳ್ಳುವುದೇ ಸರಿ.

ಸಿಂಗಲ್ ಸ್ಟ್ರೋಕ್: ಸುಲಭವೆಂದು ಕಾಣುವ ಕಷ್ಟ

ಬ ಎ ಬ ಎ. ಬಲ, ಎಡ, ಬಲ, ಎಡ. ನಡೆಯುವಾಗ ಕಾಲುಗಳು ಮಾಡುವುದನ್ನೇ ಇಲ್ಲಿ ಕೈಗಳು ಮಾಡುತ್ತವೆ. ಬರೆದು ತೋರಿಸಲು ಇದಕ್ಕಿಂತ ಸರಳವಾದದ್ದು ಇಲ್ಲ, ಆದರೂ ಪಳಗಿದ ವಾದಕರು ಜೀವನಪೂರ್ತಿ ಇದನ್ನು ಅಭ್ಯಾಸ ಮಾಡುತ್ತಾರೆ. ಕಾರಣ, ನಮ್ಮ ಎರಡು ಕೈಗಳು ಸಮಬಲದವಲ್ಲ. ಬಲಗೈ ಬರೆಯುತ್ತದೆ, ಬೀಗ ತೆರೆಯುತ್ತದೆ, ಹಲ್ಲುಜ್ಜುತ್ತದೆ. ಎಡಗೈ ಬಹಳ ಸಲ ಹಿಡಿದುಕೊಳ್ಳುವ ಕೆಲಸಕ್ಕೆ ಮಾತ್ರ ಒದಗುತ್ತದೆ. ಇವೆರಡನ್ನೂ ಸರದಿಯ ಮೇಲೆ ಬಿಟ್ಟಾಗ ಒಂದು ಪೆಟ್ಟು ಗಟ್ಟಿ, ಒಂದು ಪೆಟ್ಟು ಮೆಲು, ಅಂತರವೂ ಒಂದು ಉದ್ದ ಒಂದು ಗಿಡ್ಡ ಆಗಿ, ಕುಂಟುವ ನಡಿಗೆಯಂತೆ ಕೇಳಿಸುತ್ತದೆ.

ಇದನ್ನು ಸರಿಪಡಿಸಲು ಕಿವಿಗಿಂತ ಮೊದಲು ಕಣ್ಣನ್ನು ಬಳಸಬೇಕು. ಹೆಚ್ಚು ಎತ್ತರದಿಂದ ಬಿದ್ದ ಸ್ಟಿಕ್ ಹೆಚ್ಚು ಸದ್ದು ಮಾಡುತ್ತದೆ. ಆದ್ದರಿಂದ ಎರಡು ಸ್ಟಿಕ್‌ಗಳ ತುದಿಯೂ ಒಂದೇ ಎತ್ತರಕ್ಕೆ ಏಳುತ್ತಿವೆಯೇ ಎಂದು ಕನ್ನಡಿಯ ಮುಂದೆ ಕುಳಿತು ನೋಡಿಕೊಂಡರೆ ಅರ್ಧ ಸಮಸ್ಯೆ ಕಣ್ಣಿಗೇ ಕಾಣುತ್ತದೆ. ಎರಡೂ ತುದಿಗಳು ಪ್ಯಾಡ್‌ನ ಮಧ್ಯದಲ್ಲಿ ಹತ್ತಿರ ಹತ್ತಿರ ಬೀಳಬೇಕು, ಏಕೆಂದರೆ ನಿಜವಾದ ಡ್ರಮ್ ಮೇಲೆ ಅಂಚಿನ ನಾದವೇ ಬೇರೆ, ನಡುವಿನ ನಾದವೇ ಬೇರೆ. ಮತ್ತೊಂದು ಉಪಾಯವೆಂದರೆ ಪ್ರತಿ ಅಭ್ಯಾಸವನ್ನೂ ಒಮ್ಮೆ ಬಲದಿಂದ, ಒಮ್ಮೆ ಎಡದಿಂದ ಆರಂಭಿಸುವುದು. ಎಡದಿಂದ ಆರಂಭಿಸಿದಾಗ ತಾಳದ ಹೊಣೆ ಎಡಗೈ ಮೇಲೆ ಬೀಳುತ್ತದೆ. ಹೊಣೆ ಹೊತ್ತ ಕೈ ಬೇಗ ಬಲಿಯುತ್ತದೆ.

ಡಬಲ್ ಸ್ಟ್ರೋಕ್ ಮತ್ತು ರೋಲ್

ಕೊಳಲಿನ ಸ್ವರವನ್ನು ಉಸಿರಿರುವಷ್ಟು ಹೊತ್ತು ಎಳೆಯಬಹುದು. ಡ್ರಮ್‌ನ ಪೆಟ್ಟು ಹಾಗಲ್ಲ, ಹುಟ್ಟಿದ ಕೂಡಲೇ ಅಡಗಿಹೋಗುತ್ತದೆ. ದೀರ್ಘವಾದ ನಾದ ಬೇಕೆಂದರೆ ಪೆಟ್ಟುಗಳನ್ನು ಮಳೆಹನಿಯಂತೆ ಒತ್ತೊತ್ತಾಗಿ ಸುರಿಸಬೇಕು. ಅದಕ್ಕೇ ರೋಲ್ ಎನ್ನುವುದು.

ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ಮೆಟ್ರೊನೋಮ್ ಎಂಬ ತಾಳಯಂತ್ರವನ್ನು ನಿಮಿಷಕ್ಕೆ 120 ಬಡಿತಗಳಿಗೆ ಇಟ್ಟು, ಒಂದು ಬಡಿತಕ್ಕೆ ನಾಲ್ಕು ಪೆಟ್ಟಿನಂತೆ ನುಡಿಸಿದರೆ ಸೆಕೆಂಡಿಗೆ 8 ಪೆಟ್ಟುಗಳಾಗುತ್ತವೆ. ಸಿಂಗಲ್ ಸ್ಟ್ರೋಕ್‌ನಲ್ಲಾದರೆ ಒಂದೊಂದು ಮಣಿಕಟ್ಟೂ ಸೆಕೆಂಡಿಗೆ 4 ಬಾರಿ ಬೀಸಬೇಕು. ಅದೇ ಎಂಟು ಪೆಟ್ಟುಗಳನ್ನು ಬ ಬ ಎ ಎ ಎಂದು ನುಡಿಸಿ, ಪ್ರತಿ ಜೋಡಿಯ ಮೊದಲ ಪೆಟ್ಟಿಗೆ ಮಾತ್ರ ಮಣಿಕಟ್ಟನ್ನು ಬೀಸಿ, ಎರಡನೆಯದನ್ನು ಪುಟಿತದಿಂದಲೂ ಬೆರಳುಗಳ ಚಿಕ್ಕ ಒತ್ತಿನಿಂದಲೂ ಪಡೆದರೆ, ಒಂದೊಂದು ಮಣಿಕಟ್ಟು ಸೆಕೆಂಡಿಗೆ 2 ಬಾರಿ ಬೀಸಿದರೆ ಸಾಕು. ದುಡಿಮೆ ಅರ್ಧವಾಯಿತು, ಪೆಟ್ಟುಗಳ ಸಂಖ್ಯೆ ಅಷ್ಟೇ ಉಳಿಯಿತು. ಡಬಲ್ ಸ್ಟ್ರೋಕ್ ಹುಟ್ಟಿದ್ದೇ ಈ ಉಳಿತಾಯಕ್ಕಾಗಿ.

ಇದರ ತೊಡಕು ಎರಡನೆಯ ಪೆಟ್ಟಿನಲ್ಲಿದೆ. ಪುಟಿದು ಬಿದ್ದ ಸ್ಟಿಕ್ಕಿಗೆ ಮೊದಲಿನಷ್ಟು ಬಲವಿರುವುದಿಲ್ಲವಾದ್ದರಿಂದ, ಜೋಡಿಯ ಎರಡನೆಯ ಪೆಟ್ಟು ಪ್ರತಿಧ್ವನಿಯಂತೆ ಕುಗ್ಗಿ ಕೇಳಿಸುತ್ತದೆ. ಆದ್ದರಿಂದ ನಿಧಾನ ಗತಿಯಲ್ಲಿ ಎರಡು ಪೆಟ್ಟನ್ನೂ ಮಣಿಕಟ್ಟಿನಿಂದಲೇ, ಒಂದೇ ಎತ್ತರದಿಂದ ನುಡಿಸಬೇಕು. ಗತಿ ಏರಿದಂತೆ ಎರಡನೆಯದರ ಹೊಣೆಯನ್ನು ಮಧ್ಯ ಹಾಗೂ ಉಂಗುರ ಬೆರಳುಗಳಿಗೆ ಮೆಲ್ಲಗೆ ವರ್ಗಾಯಿಸಬೇಕು. ಬೇಕೆಂದೇ ಎರಡನೆಯ ಪೆಟ್ಟನ್ನು ಗಟ್ಟಿಯಾಗಿ ನುಡಿಸುವ ಅಭ್ಯಾಸವೂ ಒಳ್ಳೆಯದು. ಪುಟಿತವೇ ಇಲ್ಲದ ದಿಂಬಿನ ಮೇಲೆ ಕೆಲವು ನಿಮಿಷ ನುಡಿಸಿದರೆ ಮಣಿಕಟ್ಟು ಬಲವಾಗುತ್ತದೆ, ಆದರೆ ಬರೀ ದಿಂಬಿನ ಮೇಲೆ ಕಲಿತವರಿಗೆ ಪುಟಿತವನ್ನು ಬಳಸುವ ನಾಜೂಕು ಒಲಿಯುವುದಿಲ್ಲ.

ಡಬಲ್ ಸ್ಟ್ರೋಕ್ ಕೈವಶವಾದರೆ 5, 7, 9 ಹೀಗೆ ಸಂಖ್ಯೆಯ ಹೆಸರು ಹೊತ್ತ ರೋಲ್‌ಗಳೆಲ್ಲ ಹೊಸದೆನಿಸುವುದಿಲ್ಲ. ಐದು ಪೆಟ್ಟಿನ ರೋಲ್ ಎಂದರೆ ಎರಡು ಜೋಡಿ, ಕೊನೆಗೊಂದು ಒಂಟಿ ಪೆಟ್ಟು: ಬ ಬ ಎ ಎ ಬ. ಬಲದಿಂದ ಆರಂಭವಾಗಿ ಬಲದಲ್ಲೇ ಮುಗಿಯುವುದರಿಂದ ಮುಂದಿನದು ಎಡದಿಂದ ಏಳುತ್ತದೆ.

ಪ್ಯಾರಾಡಿಡಲ್: ಕೈ ಬದಲಿಸುವ ಜಾಣ್ಮೆ

ಮೊದಲ ಎರಡನ್ನೂ ಬೆಸೆದರೆ ಸಿಗುವುದೇ ಪ್ಯಾರಾಡಿಡಲ್. ಎರಡು ಒಂಟಿ ಪೆಟ್ಟು, ಒಂದು ಜೋಡಿ: ಬ ಎ ಬ ಬ, ಎ ಬ ಎ ಎ. ಹೆಸರಿನಲ್ಲೇ ಲಯವಿದೆ. ‘ಪ್ಯಾ-ರಾ’ ಎಂಬಲ್ಲಿ ಎರಡು ಒಂಟಿ ಪೆಟ್ಟುಗಳು, ‘ಡಿ-ಡಲ್’ ಎಂಬಲ್ಲಿ ಒಂದೇ ಕೈಯ ಜೋಡಿ; ಬಾಯಲ್ಲಿ ಹೇಳಿಕೊಂಡೇ ನುಡಿಸಬಹುದು. ಸಿಂಗಲ್ ಸ್ಟ್ರೋಕ್‌ನಲ್ಲಿ ನಾಲ್ಕು ನಾಲ್ಕರ ಗುಂಪು ಮಾಡಿದರೆ ಪ್ರತಿ ಗುಂಪೂ ಬಲಗೈಯಿಂದಲೇ ಶುರುವಾಗುತ್ತದೆ. ಪ್ಯಾರಾಡಿಡಲ್‌ನಲ್ಲಿ ಕೊನೆಯ ಜೋಡಿ ಬಲಗೈಯನ್ನು ತಡೆದು ನಿಲ್ಲಿಸುವುದರಿಂದ ಮುಂದಿನ ಗುಂಪು ಎಡಗೈಗೆ ದಕ್ಕುತ್ತದೆ. ಬಲಗೈ ದೂರದ ಸಿಂಬಲ್ ಕಡೆಗೆ ಚಾಚಬೇಕಾದಾಗ ಎಡಗೈ ತಾಳವನ್ನು ಮುಂದುವರಿಸುವಂತೆ ಮಾಡುವುದು ಇದೇ ಏರ್ಪಾಡು.

ಇದನ್ನು ನುಡಿಸುವಾಗ ಪ್ರತಿ ಗುಂಪಿನ ಮೊದಲ ಪೆಟ್ಟಿಗೆ ಒತ್ತು ಕೊಡುವುದು ವಾಡಿಕೆ. ಈ ಒತ್ತಿಗೆ ಆಕ್ಸೆಂಟ್ ಎಂದು ಹೆಸರು. ಗಟ್ಟಿ ಪೆಟ್ಟಿಗೆ ಸ್ಟಿಕ್ ಎತ್ತರದಲ್ಲಿರಬೇಕು, ಮೆಲು ಪೆಟ್ಟಿಗೆ ಕೆಳಗಿರಬೇಕು. ಆದ್ದರಿಂದ ಒಂದು ಪೆಟ್ಟು ಮುಗಿದ ಮೇಲೆ ಸ್ಟಿಕ್ ಎಲ್ಲಿ ನಿಲ್ಲಬೇಕು ಎಂಬುದನ್ನು ಮುಂದಿನ ಪೆಟ್ಟು ನಿರ್ಧರಿಸುತ್ತದೆ. ಹೀಗೆ ನಾಲ್ಕು ಬಗೆಯ ಪೆಟ್ಟುಗಳು ಹುಟ್ಟುತ್ತವೆ. ಮೇಲಿನಿಂದ ಬಿದ್ದು ಮತ್ತೆ ಮೇಲೇರುವುದು ಫುಲ್ ಸ್ಟ್ರೋಕ್. ಮೇಲಿನಿಂದ ಬಿದ್ದು ಕೆಳಗೇ ನಿಲ್ಲುವುದು ಡೌನ್ ಸ್ಟ್ರೋಕ್. ಕೆಳಗಿನಿಂದ ಮೆಲುವಾಗಿ ಬಿದ್ದು ಕೆಳಗೇ ಉಳಿಯುವುದು ಟ್ಯಾಪ್. ಮೆಲುವಾಗಿ ಬಿದ್ದರೂ ಕೂಡಲೇ ಎತ್ತರಕ್ಕೆ ಏರಿ ಮುಂದಿನ ಗಟ್ಟಿ ಪೆಟ್ಟಿಗೆ ಅಣಿಯಾಗುವುದು ಅಪ್ ಸ್ಟ್ರೋಕ್.

ಬ ಎ ಬ ಬ ಎಂಬುದನ್ನು ಈ ಕಣ್ಣಿನಿಂದ ನೋಡಿದರೆ ಹೊಸದೊಂದು ಸಂಗತಿ ಕಾಣುತ್ತದೆ. ಮೊದಲ ಬಲಗೈ ಪೆಟ್ಟು ಡೌನ್ ಸ್ಟ್ರೋಕ್. ಕೊನೆಯ ಎರಡು ಬಲಗೈ ಪೆಟ್ಟುಗಳು ಟ್ಯಾಪ್. ನಡುವೆ ಬರುವ ಒಂದೇ ಒಂದು ಎಡಗೈ ಪೆಟ್ಟು ಅಪ್ ಸ್ಟ್ರೋಕ್ ಆಗಿರಬೇಕು, ಏಕೆಂದರೆ ಎರಡು ಪೆಟ್ಟುಗಳ ನಂತರ ಅದೇ ಎಡಗೈ ಗಟ್ಟಿಯಾಗಿ ಬೀಳಬೇಕಾಗಿದೆ. ಪ್ಯಾರಾಡಿಡಲ್ ಸರಿಯಾಗಿ ಬರುತ್ತಿಲ್ಲ ಎಂದು ಹೇಳುವವರಲ್ಲಿ ಅನೇಕರಿಗೆ ನಿಜವಾಗಿ ಕೈಕೊಡುವುದು ಕಿವಿಗೆ ಅಷ್ಟಾಗಿ ಬೀಳದ ಈ ಎರಡನೆಯ ಪೆಟ್ಟು. ನಿಧಾನವಾಗಿ, ಅಂದರೆ ಒಂದು ಸೆಕೆಂಡಿಗೆ ಒಂದೇ ಪೆಟ್ಟಿನಷ್ಟು ನಿಧಾನವಾಗಿ ನುಡಿಸುತ್ತ, ಪ್ರತಿ ಪೆಟ್ಟಿನ ನಂತರ ಎರಡೂ ಸ್ಟಿಕ್‌ಗಳು ಎಲ್ಲಿ ನಿಂತಿವೆ ಎಂದು ನೋಡಿಕೊಳ್ಳುವುದಕ್ಕಿಂತ ಒಳ್ಳೆಯ ಮದ್ದು ಇದಕ್ಕಿಲ್ಲ.

ಫ್ಲ್ಯಾಮ್ ಮತ್ತು ಡ್ರ್ಯಾಗ್: ಪೆಟ್ಟಿಗೆ ಹತ್ತಿದ ಒತ್ತಕ್ಷರ

‘ಪ್ರ’ ಎಂದು ಉಚ್ಚರಿಸುವಾಗ ‘ಪ್’ ಎಂಬುದಕ್ಕೆ ತನ್ನದೇ ಆದ ಮಾತ್ರೆ ಇಲ್ಲ. ಅದು ಮುಂದಿನ ಧ್ವನಿಗೆ ಆತುಕೊಂಡು, ಎರಡೂ ಸೇರಿ ಒಂದೇ ಅಕ್ಷರವಾಗಿ ಕೇಳಿಸುತ್ತದೆ. ಫ್ಲ್ಯಾಮ್ ಎಂದರೆ ಹೆಚ್ಚುಕಡಿಮೆ ಇದೇ. ಒಂದು ಮುಖ್ಯ ಪೆಟ್ಟಿಗೆ ಕೂದಲೆಳೆಯಷ್ಟು ಮೊದಲು ಇನ್ನೊಂದು ಕೈಯಿಂದ ಮೆಲುವಾದ ಪೆಟ್ಟೊಂದು ಬೀಳುತ್ತದೆ. ಆ ಮೆಲು ಪೆಟ್ಟನ್ನು ಗ್ರೇಸ್ ನೋಟ್ ಎನ್ನುತ್ತಾರೆ. ತಾಳದ ಲೆಕ್ಕದಲ್ಲಿ ಅದಕ್ಕೆ ಸ್ಥಾನವಿಲ್ಲ, ಅದು ಮುಖ್ಯ ಪೆಟ್ಟನ್ನು ದಪ್ಪವಾಗಿಸುತ್ತದೆ. ಅದನ್ನು ಸಾಧಿಸುವ ಬಗೆ ಎತ್ತರದ ಲೆಕ್ಕಾಚಾರವೇ. ಒಂದು ಸ್ಟಿಕ್ಕನ್ನು ಪ್ಯಾಡ್‌ನಿಂದ ಒಂದೆರಡು ಅಂಗುಲ ಮೇಲೆ, ಇನ್ನೊಂದನ್ನು ಹತ್ತು ಅಂಗುಲದಷ್ಟು ಮೇಲೆ ಹಿಡಿದು ಎರಡನ್ನೂ ಒಟ್ಟಿಗೆ ಇಳಿಸಿದರೆ, ಹತ್ತಿರವಿರುವುದು ಮೊದಲು ಮುಟ್ಟುತ್ತದೆ. ಎರಡೂ ಒಂದೇ ಎತ್ತರದಲ್ಲಿದ್ದರೆ ಒಟ್ಟಿಗೆ ಬಿದ್ದು ಫ್ಲ್ಯಾಮ್ ಚಪ್ಪಟೆಯಾಗುತ್ತದೆ. ಅಂತರ ಹೆಚ್ಚಾದರೆ ಎರಡು ಬಿಡಿ ಪೆಟ್ಟುಗಳಾಗುತ್ತವೆ.

ಡ್ರ್ಯಾಗ್‌ನಲ್ಲಿ ಗ್ರೇಸ್ ನೋಟ್ ಒಂದಲ್ಲ, ಎರಡು. ಎರಡೂ ಒಂದೇ ಕೈಯವು, ಮೆಲುವಾದ ಒಂದು ಡಬಲ್. ‘ಸ್ತ್ರೀ’ ಎಂಬಲ್ಲಿ ‘ಸ್’ ಮತ್ತು ‘ತ್’ ಎರಡೂ ‘ರೀ’ಗೆ ಹತ್ತಿಕೊಳ್ಳುವಂತೆ ಇವು ಮುಖ್ಯ ಪೆಟ್ಟಿಗೆ ಹತ್ತಿಕೊಳ್ಳುತ್ತವೆ. ಡಬಲ್ ಸ್ಟ್ರೋಕ್ ಹದಕ್ಕೆ ಬಂದ ಮೇಲೆಯೇ ಇದಕ್ಕೆ ಕೈ ಹಾಕುವುದು ಲೇಸು.

ಅಭ್ಯಾಸದ ಹದ

ಬೇಕಾದ ಸಾಮಗ್ರಿ ಬಹಳ ಕಡಿಮೆ: ಒಂದು ಜೊತೆ ಸ್ಟಿಕ್, ಒಂದು ಪ್ಯಾಡ್, ಒಂದು ಮೆಟ್ರೊನೋಮ್. ಸ್ಟಿಕ್‌ಗಳಲ್ಲಿ 5ಎ ಎಂದು ಗುರುತು ಹಾಕಿದ ಮಧ್ಯಮ ದಪ್ಪದವು ಹೆಚ್ಚಿನವರಿಗೆ ಒಗ್ಗುತ್ತವೆ. ಚಿಕ್ಕ ಕೈಗಳಿಗೆ ಅದಕ್ಕಿಂತ ತೆಳುವಾದ 7ಎ ಹೊಂದುತ್ತದೆ. ಮೆಟ್ರೊನೋಮ್ ಮೊಬೈಲ್‌ನಲ್ಲೇ ಸಿಗುತ್ತದೆ.

ನಿಮಿಷಕ್ಕೆ 60 ಬಡಿತಗಳಿಂದ ಆರಂಭಿಸಿ, ಬಡಿತಕ್ಕೆ ಎರಡು ಪೆಟ್ಟು ಸಲೀಸಾದ ಮೇಲೆ ನಾಲ್ಕಕ್ಕೆ ಹೋಗಬಹುದು. ‘ತ-ಕ-ಧಿ-ಮಿ’ ಎಂದು ಗಟ್ಟಿಯಾಗಿ ಹೇಳಿಕೊಂಡು ನುಡಿಸಿದರೆ ನಾಲ್ಕು ಪೆಟ್ಟುಗಳ ಅಂತರ ಸಮವಾಗಿರುತ್ತದೆ, ಉಸಿರು ಬಿಗಿಹಿಡಿಯುವ ಚಾಳಿಯೂ ತಪ್ಪುತ್ತದೆ. ಒಂದು ರುಡಿಮೆಂಟ್ಟನ್ನು ಎರಡು ನಿಮಿಷ ಎಡವದೆ, ಭುಜ ಬಿಗಿಯಾಗದೆ ನುಡಿಸಲು ಬಂದಾಗ ಮಾತ್ರ ಗತಿಯನ್ನು ನಾಲ್ಕೈದು ಬಡಿತಗಳಷ್ಟು ಏರಿಸಬೇಕು. ಏರಿಸಿದಾಗ ಪೆಟ್ಟುಗಳು ಅಂಕುಡೊಂಕಾದರೆ ಹಿಂದಿನ ಗತಿಗೆ ಮರಳುವುದರಲ್ಲಿ ಸಂಕೋಚ ಬೇಡ: ಕೈ ಯಾವುದನ್ನು ಹೆಚ್ಚು ಸಲ ಮಾಡುತ್ತದೋ ಅದನ್ನೇ ಕಲಿಯುತ್ತದೆ, ತಪ್ಪನ್ನು ನೂರು ಸಲ ನುಡಿಸಿದರೆ ತಪ್ಪೇ ರೂಢಿಯಾಗುತ್ತದೆ. ಮೆಟ್ರೊನೋಮ್ ಇಲ್ಲದೆ ಮಾಡುವ ಇನ್ನೊಂದು ಹಳೆಯ ಅಭ್ಯಾಸವಿದೆ. ಅತಿ ನಿಧಾನವಾಗಿ ಆರಂಭಿಸಿ, ಎಲ್ಲೂ ಜಿಗಿಯದೆ ಕ್ರಮೇಣ ವೇಗ ಏರಿಸುತ್ತ, ಕೈ ಬಿಗಿಯಾಗುವ ಹಂತಕ್ಕೆ ಸ್ವಲ್ಪ ಮೊದಲೇ ತಿರುಗಿ, ಮತ್ತೆ ಅಷ್ಟೇ ಕ್ರಮವಾಗಿ ನಿಧಾನಕ್ಕೆ ಇಳಿಯುವುದು. ಏರುವುದಕ್ಕಿಂತ ಇಳಿಯುವುದೇ ಕಷ್ಟ ಎಂಬುದು ಮಾಡಿ ನೋಡಿದಾಗ ತಿಳಿಯುತ್ತದೆ.

ವಾರಕ್ಕೊಮ್ಮೆ ಮೂರು ಗಂಟೆ ಕೂರುವುದಕ್ಕಿಂತ ದಿನಕ್ಕೆ ಇಪ್ಪತ್ತು ನಿಮಿಷ ಕೂರುವುದು ಹೆಚ್ಚು ಫಲ ಕೊಡುತ್ತದೆ. ಆಗಾಗ ಮೊಬೈಲ್‌ನಲ್ಲಿ ಧ್ವನಿ ಮುದ್ರಿಸಿಕೊಂಡು ಕೇಳಬೇಕು; ನುಡಿಸುವಾಗ ಸಮವೆನಿಸಿದ್ದು ಕೇಳುವಾಗ ಸಮವಾಗಿರುವುದಿಲ್ಲ. ಪ್ಯಾಡ್ ಮೇಲಿನ ಅಭ್ಯಾಸ ಕಿವಿಗೆ ಹಗುರ, ಆದರೆ ನಿಜವಾದ ಸೆಟ್ ಮುಂದೆ ಕೂರುವ ದಿನದಿಂದಲೇ ಕಿವಿಗೆ ರಕ್ಷಣೆ ಧರಿಸಬೇಕು.

ಪ್ಯಾಡ್‌ನಿಂದ ಸೆಟ್‌ಗೆ

ಸೆಟ್ ಮುಂದೆ ಕುಳಿತ ಮೇಲೆ ರುಡಿಮೆಂಟ್‌ಗಳ ಕೈಗಳನ್ನು ಬೇರೆ ಬೇರೆ ವಾದ್ಯಗಳ ಮೇಲೆ ಹರಡಬಹುದು. ಸಿಂಗಲ್ ಸ್ಟ್ರೋಕ್‌ಗಳನ್ನು ಸ್ನೇರ್‌ನಿಂದ, ಅಂದರೆ ವಾದಕರ ಎದುರಿಗೇ ಇರುವ ಚುರುಕು ಸದ್ದಿನ ಡ್ರಮ್‌ನಿಂದ, ಟಾಮ್ ಎಂಬ ಉಳಿದ ಡ್ರಮ್‌ಗಳ ಮೇಲೆ ಒಂದೊಂದಾಗಿ ಸಾಗಿಸಿದರೆ ಹಾಡಿನ ಎರಡು ಚರಣಗಳ ನಡುವೆ ಕೇಳಿಬರುವ, ಫಿಲ್ ಎಂಬ ಚಿಕ್ಕ ತುಂಬುವಾದನ ಸಿದ್ಧವಾಗುತ್ತದೆ. ಪ್ಯಾರಾಡಿಡಲ್ ಇನ್ನೂ ಹೆಚ್ಚಿನದನ್ನು ಕೊಡುತ್ತದೆ. ಬಲಗೈಯನ್ನು ಹೈ-ಹ್ಯಾಟ್ ಎಂಬ ಜೋಡಿ ಸಿಂಬಲ್ ಮೇಲೆ, ಎಡಗೈಯನ್ನು ಸ್ನೇರ್ ಮೇಲೆ ಇರಿಸಿ, ಒಂದು ಬಡಿತಕ್ಕೆ ನಾಲ್ಕು ಪೆಟ್ಟಿನಂತೆ ಬ ಎ ಬ ಬ, ಎ ಬ ಎ ಎ ಎಂದು ನುಡಿಸಿದರೆ, ನಾಲ್ಕು ಬಡಿತಗಳ ಒಂದು ಆವರ್ತದಲ್ಲಿ ಮೊದಲ ಮತ್ತು ಮೂರನೆಯ ಬಡಿತಗಳು ಹೈ-ಹ್ಯಾಟ್‌ಗೂ, ಎರಡನೆಯ ಮತ್ತು ನಾಲ್ಕನೆಯ ಬಡಿತಗಳು ಸ್ನೇರ್‌ಗೂ ಬೀಳುತ್ತವೆ. ಬಡಿತದ ಮೇಲೆ ಬೀಳುವ ಪೆಟ್ಟಿಗೆ ಒತ್ತು ಕೊಡಲು ಕೈ ಈಗಾಗಲೇ ಕಲಿತಿದೆ. ಉಳಿದ ಎಡಗೈ ಪೆಟ್ಟುಗಳನ್ನು ಪಿಸುಮಾತಿನಷ್ಟು ಮೆಲುವಾಗಿಸಿ, ಮೊದಲ ಮತ್ತು ಮೂರನೆಯ ಬಡಿತಕ್ಕೆ ನೆಲದ ಮೇಲಿರುವ ದೊಡ್ಡ ಬಾಸ್ ಡ್ರಮ್‌ನ ಪೆಡಲನ್ನು ಬಲಗಾಲಿನಿಂದ ಒತ್ತಿದರೆ, ಮೊದಲ ದಿನ ಮನಸ್ಸಿನೊಳಗೆ ಓಡುತ್ತಿದ್ದ ಹಾಡಿನ ತಾಳಕ್ಕೆ ತೀರ ಹತ್ತಿರವಾದ ತಾಳವೊಂದು ಕೈಕಾಲುಗಳಿಂದ ಹೊರಡುತ್ತದೆ.